ಚೌಕದ ಅಕ್ಷರ ಬರೆದವರು

ಕನ್ನಡದ ಅಕ್ಷರ ಚೌಕದೊಳಗೆ ಕೂರುವುದೇ ಇಲ್ಲ ಎಂದವರು ಮೂವರು. ಮೊದಲನೆಯವರು ಶಿವಾಜಿನಗರದಲ್ಲಿ ವಿಡಿಯೋ ಗೇಮ್ ಅಂಗಡಿ ಇಟ್ಟಿದ್ದ ಭಾಯ್. ಎರಡನೆಯವರು ನಾನು ಕೆಲಸಕ್ಕಿದ್ದ ಡಿ.ಟಿ.ಪಿ. ಅಂಗಡಿಯ ಯಜಮಾನರು. ಮೂರನೆಯವಳು ನಾನು. ನಾನು ಡಿಗ್ರಿ ಮುಗಿಸುವುದಿಲ್ಲ ಎಂದವರು ಮಾತ್ರ ಒಬ್ಬರೇ, ನಮ್ಮ ಕಾಕಾ. ಆದರೆ ಮೂರು ಜನರ ಪಾಲಿನದನ್ನೂ ಅವರೇ ಜೋರಾಗಿ ಹೇಳುತ್ತಿದ್ದರು.

ಈ ಎರಡೂ ಮಾತುಗಳನ್ನು ಸುಳ್ಳು ಮಾಡಿದ ಮನುಷ್ಯ ಹೋದ ತಿಂಗಳು ಹಲಸೂರಿನಲ್ಲಿ ತೀರಿಕೊಂಡರು. ಅವರ ಹೆಸರನ್ನು ನಾನು ಇಲ್ಲಿ ಬರೆಯುವುದಿಲ್ಲ. ಬೇರೆ ಬೋರ್ಡ್ ಬರೆಯುವವರು ಕೆಳಗಿನ ಮೂಲೆಯಲ್ಲಿ ಸಣ್ಣದಾಗಿ ತಮ್ಮ ಹೆಸರು ಹಾಕಿಕೊಳ್ಳುತ್ತಿದ್ದರು. ಇವರು ಹಾಕುತ್ತಿರಲಿಲ್ಲ. ಕೇಳಿದರೆ, ಅಂಗಡಿ ಅವರದು, ನಷ್ಟ ಆದರೂ ಅವರದೇ, ಮಧ್ಯದಲ್ಲಿ ನನ್ನದೇನು ಅನ್ನುತ್ತಿದ್ದರು. ಬದುಕಿದ್ದಾಗ ಹಾಕದ ಹೆಸರನ್ನು ಸತ್ತ ಮೇಲೆ ನಾನು ಹಾಕುವುದು ಸರಿಯಲ್ಲ.

ಸಣ್ಣ ಆಳು. ಬಿಳಿ ಅಂಗಿ, ಅದರ ಎಡ ತೋಳಿನ ತುದಿ ಮಾತ್ರ ಏಳು ಬಣ್ಣ. ಬ್ರಷ್ ಒರೆಸುತ್ತಿದ್ದುದು ಅಲ್ಲಿಗೇ. ಬಾಯಲ್ಲಿ ಸದಾ ಒಂದು ಲವಂಗ. ಮನೆಯಲ್ಲಿ ತಮಿಳು, ಬೀದಿಯಲ್ಲಿ ಉರ್ದು, ಬೋರ್ಡಿನ ಮೇಲೆ ನಾಲ್ಕು ಭಾಷೆ. ಕನ್ನಡ ಓದಲು ಕಲಿತದ್ದು ಬಸ್ಸಿನ ಬೋರ್ಡು ನೋಡಿಯಂತೆ, ಶಾಲೆಯಲ್ಲಲ್ಲ. ಶಿವಾಜಿನಗರದಲ್ಲಿ ಎಲ್ಲರಿಗೂ ಅವರು ‘ಆರ್ಟಿಸ್ಟ್’. ನನಗೆ ಅಪ್ಪನ ವಯಸ್ಸಿನವರು, ಆದರೂ ನಾನು ಕರೆಯುತ್ತಿದ್ದುದು ಅಣ್ಣ ಎಂದೇ. ಅವರು ನನ್ನನ್ನು ಕರೆಯುತ್ತಿದ್ದುದು ‘ರಾಯಚೂರು’ ಅಂತ. ಊಟ ಆಯ್ತಾ ರಾಯಚೂರು, ತಲೆನೋವು ಹೋಯ್ತಾ ರಾಯಚೂರು. ನನ್ನ ನಿಜವಾದ ಹೆಸರು ಅವರಿಗೆ ಗೊತ್ತಿತ್ತೋ ಇಲ್ಲವೋ.

ಚೌಕದ ಅಕ್ಷರ ಅವರ ತಲೆಗೆ ಹತ್ತಿದ್ದು ಆ ವಿಡಿಯೋ ಗೇಮ್ ಅಂಗಡಿಯಿಂದ. ತೊಂಬತ್ತರ ದಶಕದಲ್ಲಿ ಶಿವಾಜಿನಗರದ ಗಲ್ಲಿಗಳಲ್ಲಿ ಅಂಥ ಅಂಗಡಿಗಳು ಬಂದಿದ್ದವು. ಬೀರುವಿನಷ್ಟು ಎತ್ತರದ ಯಂತ್ರಗಳು, ಟೋಕನ್ ಹಾಕಿದರೆ ಆಟ. ಪರದೆಯ ಮೇಲೆ ಮೂಡುವ ಇಂಗ್ಲಿಷ್ ಅಕ್ಷರಗಳೆಲ್ಲ ಸಣ್ಣ ಸಣ್ಣ ಚೌಕಗಳನ್ನು ಇಟ್ಟಿಗೆಯ ಹಾಗೆ ಜೋಡಿಸಿ ಕಟ್ಟಿದ್ದು. ಹೊರಗಿನ ಬೋರ್ಡೂ ಅದೇ ಥರ ಬೇಕು ಎಂದು ಭಾಯ್ ಇವರನ್ನು ಕರೆಸಿದರು. ಇವರು ಹೋದವರು ಒಂದು ಗಂಟೆ ಯಂತ್ರದ ಮುಂದೆ ಅಲುಗಾಡದೆ ನಿಂತರಂತೆ. ಭಾಯ್‌ಗೆ ಸಿಟ್ಟು ಬಂತು. ಆಡೋದಾದ್ರೆ ಟೋಕನ್ ತಗೋ, ಇಲ್ಲಾಂದ್ರೆ ಗಿರಾಕಿಗೆ ಜಾಗ ಬಿಡು ಅಂದರು. ಇವರು ಆಡುತ್ತಿರಲಿಲ್ಲ. ಒಂದೊಂದು ಅಕ್ಷರಕ್ಕೆ ಎಷ್ಟು ಚೌಕ ಎಂದು ಎಣಿಸುತ್ತಿದ್ದರು.

ಇಂಗ್ಲಿಷ್ ಒಂದೇ ದಿನದಲ್ಲಿ ಮುಗಿಯಿತು. ಬೋರ್ಡಿನ ಮೇಲ್ಭಾಗದಲ್ಲಿ ಕನ್ನಡವೂ ಇರಬೇಕಲ್ಲ, ಅದನ್ನು ಮಾಮೂಲಿಯಾಗಿ ಗುಂಡಗೇ ಬರೆದುಬಿಡು ಎಂದರು ಭಾಯ್. “ನಿಮ್ಮ ಕನ್ನಡ ಜಿಲೇಬಿ ಇದ್ದಂಗೆ. ಡಬ್ಬದಲ್ಲಿ ಕೂರಲ್ಲ.”

ಈ ಕಥೆ ಹೇಳುವಾಗ ಅಣ್ಣ ಇಲ್ಲಿಗೆ ಬಂದು ನಿಲ್ಲಿಸಿ ನಗುತ್ತಿದ್ದರು. ನಮ್ಮಮ್ಮ ನನಗೆ ಅನ್ನ ಹಾಕಿದ್ದು ತಮಿಳಿನಲ್ಲಿ, ಆದರೂ ಆ ಮಾತು ಎಲ್ಲಿ ಚುಚ್ಚಿತೋ ಗೊತ್ತಿಲ್ಲ ಅನ್ನುತ್ತಿದ್ದರು. ಮನೆಗೆ ಹೋಗುವಾಗ ಮಕ್ಕಳು ಲೆಕ್ಕಕ್ಕೆ ಬಳಸುವ ಗ್ರಾಫ್ ಪುಸ್ತಕ ತೆಗೆದುಕೊಂಡು ಹೋದರು. ಮೂರು ವಾರ ಬೇರೆ ಕೆಲಸ ಹಿಡಿಯಲಿಲ್ಲ. ಅಗಲಕ್ಕೆ ಹನ್ನೆರಡು ಚೌಕ, ಎತ್ತರಕ್ಕೆ ಹದಿನಾರು, ಅದರಲ್ಲಿ ಕೆಳಗಿನ ನಾಲ್ಕು ಸಾಲು ಒತ್ತಕ್ಷರಕ್ಕೆ ಎಂದು ಅಳತೆ ಕಟ್ಟಿಕೊಂಡರು. ಬೋರ್ಡಿನ ಮೇಲೆ ಕನ್ನಡ ಏರಿದ ದಿನ ಭಾಯ್ ರಸ್ತೆ ದಾಟಿ ಆಚೆ ಬದಿಗೆ ಹೋಗಿ ನಿಂತು, ಒಂದೊಂದೇ ಅಕ್ಷರ ಕೂಡಿಸಿಕೊಂಡು ಜೋರಾಗಿ ಓದಿದರಂತೆ. ಆಮೇಲೆ ಬಂದು, ಕೂತ್ಬಿಡ್ತಲ್ಲ ಗುರು ಎಂದರಂತೆ.

ಅಲ್ಲಿಂದ ಆ ಅಕ್ಷರ ಬೀದಿಗೆ ಇಳಿಯಿತು. ಆಟೋಗಳ ಹಿಂದೆ ಮಕ್ಕಳ ಹೆಸರು ಅಂಟಿಸುವ ರೇಡಿಯಂ ಸ್ಟಿಕ್ಕರ್‌ಗೆ ಅದು ಹೇಳಿ ಮಾಡಿಸಿದಂತಿತ್ತು. ಗುಂಡು ಅಕ್ಷರ ಕತ್ತರಿಸಿದರೆ ಹಾಳೆ ಹಾಳು. ಚೌಕಕ್ಕೆ ಬ್ಲೇಡು ನೇರ ಎಳೆದರಾಯಿತು, ಉಳಿದ ಚೂರೂ ಇನ್ನೊಂದು ಅಕ್ಷರಕ್ಕೆ ಆಗುತ್ತದೆ. ಗಲ್ಲಿ ಕ್ರಿಕೆಟ್ಟಿನ ಬ್ಯಾನರು, ಕೇಬಲ್ ಟಿ.ವಿ.ಯವರ ಕಾರ್ಡು, ಫ್ರೇಜರ್ ಟೌನಿನ ಒಂದು ಕ್ಯಾಸೆಟ್ ಅಂಗಡಿ. ಗೇಮ್ ಅಂಗಡಿಯಲ್ಲೇ ದಿನ ಕಳೆಯುತ್ತಿದ್ದ ಒಬ್ಬ ಹುಡುಗನಿಗೆ ಮದುವೆ ಗೊತ್ತಾದಾಗ ಲಗ್ನಪತ್ರಿಕೆಯನ್ನೂ ಅದೇ ಅಕ್ಷರದಲ್ಲಿ ಮಾಡಿಸಿಕೊಂಡ. ಹೆಣ್ಣಿನ ತಂದೆ ಅದನ್ನು ಹಿಡಿದುಕೊಂಡು ಹುಡುಕಿಕೊಂಡು ಬಂದರು. “ಏನ್ರೀ ಇದು, ಮುಹೂರ್ತ ಹುಡುಕೋಕೆ ಪದಬಂಧ ಬಿಡಿಸ್ಬೇಕಾ?” ಅಣ್ಣ ಮರುಮಾತಾಡದೆ ಗುಂಡಕ್ಷರದಲ್ಲಿ ಬೇರೆ ಬರೆದುಕೊಟ್ಟರು. ಎಲ್ಲ ಅಕ್ಷರಕ್ಕೂ ಎಲ್ಲ ಮನೆ ಬಾಗಿಲು ತೆಗೆಯಲ್ಲ ಅಂತ ಆಮೇಲೊಮ್ಮೆ ನನ್ನ ಹತ್ತಿರ ಹೇಳಿದರು.

ಅವರಿಗೆ ಎರಡು ಪದ್ಧತಿಗಳಿದ್ದವು. ಬರೆದು ಮುಗಿದ ಮೇಲೆ ಹಿಂದು ಹಿಂದಕ್ಕೆ ಹತ್ತು ಹೆಜ್ಜೆ ನಡೆದು, ಒಂದು ಕಣ್ಣು ಮುಚ್ಚಿ ನೋಡಬೇಕು. ಶಿವಾಜಿನಗರದ ಗಲ್ಲಿಯಲ್ಲಿ ಹಿಂದಕ್ಕೆ ನಡೆಯುವುದು ಸುಮ್ಮನೆ ಅಲ್ಲ. ಸೈಕಲ್ಲಿಗೆ, ಬುರ್ಖಾ ಹಾಕಿದ ಅಜ್ಜಿಯರಿಗೆ, ಒಮ್ಮೆ ಕುರಿಗೆ ಡಿಕ್ಕಿ ಹೊಡೆದು ಬೈಸಿಕೊಂಡಿದ್ದಾರೆ. ಹತ್ತು ಹೆಜ್ಜೆ ಹಿಂದೆ ಹೋದರೆ ಚೌಕಗಳ ಮೂಲೆಯೆಲ್ಲ ಸವೆದು ಅಕ್ಷರ ದುಂಡಗೆ ಕಾಣಬೇಕು, ಕಾಣದಿದ್ದರೆ ಎಲ್ಲೋ ಒಂದು ಚೌಕ ತಪ್ಪಿದೆ ಎಂದು ಅರ್ಥ. ಎರಡನೆಯದು, ಬೋರ್ಡು ಪೂರ್ತಿ ಆಗುವವರೆಗೆ ಅದಕ್ಕೆ ನ್ಯೂಸ್‌ಪೇಪರ್ ಹೊದಿಸಿಟ್ಟಿರಬೇಕು. ದುಡ್ಡು ಕೊಡುವ ಯಜಮಾನನೇ ಬಂದು ಇಣುಕಿದರೂ ಬಿಡುತ್ತಿರಲಿಲ್ಲ. ಅರ್ಧ ಕಟ್ಟಿದ ಮನೆಗೆ ಗೃಹಪ್ರವೇಶ ಮಾಡ್ತಾರೇನು ಎಂದು ಕೇಳುತ್ತಿದ್ದರು. ನಿಂಬೆಹಣ್ಣು, ಊದುಬತ್ತಿ, ಆಮೇಲೆ ಪೇಪರು ಕೀಳಬೇಕು. ಆಗಲೇ ನೋಡಬೇಕು.

ಇನ್ನು ನನ್ನ ವಿಷಯ. ನಮ್ಮದು ರಾಯಚೂರು ಕಡೆಯ ಊರು. ಅಪ್ಪ, ಕಾಕಾ ಇಬ್ಬರೂ ಗಾರೆ ಕೆಲಸಕ್ಕೆ ಬೆಂಗಳೂರಿಗೆ ಬಂದವರು. ಟಿನ್ ಫ್ಯಾಕ್ಟರಿ ಹಿಂದಿನ ಒಂದು ವಠಾರದಲ್ಲಿ ಒಂದು ರೂಮು, ಅದರಲ್ಲಿ ಏಳು ಜನ. ನಾನು ಹಗಲು ಶಿವಾಜಿನಗರದ ಡಿ.ಟಿ.ಪಿ. ಅಂಗಡಿಯಲ್ಲಿ ಲಗ್ನಪತ್ರಿಕೆ, ಬಿಲ್ ಬುಕ್ಕು, ಕರಪತ್ರ ಟೈಪ್ ಮಾಡುತ್ತಿದ್ದೆ, ಸಂಜೆ ಕಾಲೇಜಿನಲ್ಲಿ ಬಿ.ಎ. ಓದುತ್ತಿದ್ದೆ. ಎಲ್ಲ ಪಾಸಾಗಿ ಅರ್ಥಶಾಸ್ತ್ರ ಒಂದು ಉಳಿದಿತ್ತು. ಅದರಲ್ಲಿ ಎರಡು ಸಲ ಫೇಲಾಗಿದ್ದೆ. ಎರಡನೇ ಸಲ ಫೇಲಾದಾಗ ಕಾಕಾ ತಟ್ಟೆಯ ಮುಂದೆ ಕೂತು ಹೇಳಿದ್ದು ಇನ್ನೂ ನೆನಪಿದೆ. “ನಮ್ಮ ಮನ್ಯಾಗ ಸಹಿ ಮಾಡಾಕ ಬಂದವಳು ನೀನೇ ಮೊದಲು. ಅಷ್ಟ ಸಾಕು. ಡಿಗ್ರಿ ಅನ್ನೂದು ನಮ್ಮಂಥೋರ ಹಣ್ಯಾಗ ಬರದಿಲ್ಲವ್ವ.” ಅವರು ಕೆಟ್ಟವರಲ್ಲ. ನಾನು ಇನ್ನೊಂದು ಸಲ ಅಳುವುದನ್ನು ನೋಡಲಾರದೆ ಹಾಗೆ ಅಂದಿದ್ದು. ಆದರೆ ಆವತ್ತು ನಾನು ಊಟ ಬಿಟ್ಟು ಎದ್ದೆ.

ಅಣ್ಣ ಗ್ರಾಫ್ ಪುಸ್ತಕಗಳ ಕಟ್ಟು ಹಿಡಿದುಕೊಂಡು ನಮ್ಮ ಅಂಗಡಿಗೆ ಬಂದದ್ದು ಅದೇ ಕಾಲದಲ್ಲಿ. ಈ ಅಕ್ಷರಗಳನ್ನು ಕಂಪ್ಯೂಟರಿನೊಳಗೆ ಕೂರಿಸಲು ಆಗುತ್ತದೆಯೇ ಎಂದು ಕೇಳಿದರು. ಗೇಮ್ ಯಂತ್ರದಲ್ಲಿ ಇಂಗ್ಲಿಷಿಗೆ ಒಳಗಿನಿಂದ ಬೆಳಕಿತ್ತು, ನನ್ನ ಕನ್ನಡಕ್ಕೆ ಬರೀ ಪೇಂಟು, ಒಂದು ಸಲ ಅದನ್ನೂ ಬೆಳಕಿನಲ್ಲಿ ನೋಡಬೇಕು ಎಂದರು. ಅವರಿಗಿದ್ದ ಆಸೆ ಇಷ್ಟೇ. ಸ್ವರ, ವ್ಯಂಜನ, ಕಾಗುಣಿತ, ಒತ್ತು ಎಲ್ಲ ಸೇರಿ ಇಡೀ ವರ್ಣಮಾಲೆ ಒಟ್ಟಿಗೆ ಪರದೆಯ ಮೇಲೆ ಹೊಳೆಯುವುದನ್ನು ನೋಡುವುದು.

ಯಜಮಾನರು ಪುಟ ತಿರುವಿ, ಕನ್ನಡಕ್ಕೆ ಇದು ಒಗ್ಗಲ್ಲ ರೀ, ಬೇಕಾದರೆ ಮೂಲೆಗೆ ಅರ್ಧರ್ಧ ಚೌಕ ಹಾಕಿ ದುಂಡು ಮಾಡಿಕೊಳ್ಳಿ ಎಂದರು. ಅಣ್ಣ ಒಪ್ಪಲಿಲ್ಲ. “ಅರ್ಧ ಹಾಕಿದ್ರೆ ಮೋಸ ಸಾರ್. ಕೊಟ್ರೆ ಪೂರ್ತಿ ಚೌಕ ಕೊಡ್ಬೇಕು. ಇಲ್ಲ, ಬಿಡ್ಬೇಕು.” ನಾನೂ ಬಾಯಿ ಹಾಕಿದೆ. ಕಂಪ್ಯೂಟರ್ ಕಲಿತಿದ್ದೇನೆಂಬ ಜಂಬ ಆಗ. ಇದು ಅಕ್ಷರದ ಥರ ಇಲ್ಲ ಅಣ್ಣ, ಕಸೂತಿ ಥರ ಇದೆ ಎಂದೆ. ಬೇಜಾರಾಗುತ್ತಾರೆ ಅಂದುಕೊಂಡಿದ್ದೆ. ಅವರು ಕುರ್ಚಿ ಎಳೆದುಕೊಂಡು ಕೂತು, ಕಸೂತಿ ಅಂದರೆ ಏನು ಎಂದು ವಿಚಾರಿಸಿದರು. ನಮ್ಮ ಉತ್ತರದ ಕಡೆ ಸೀರೆಯ ಮೇಲೆ ಎಳೆ ಎಣಿಸಿ ನೇರ ಹೊಲಿಗೆಯಲ್ಲೇ ಗೋಪುರ, ತೇರು, ನವಿಲು ಎಲ್ಲ ಹಾಕುತ್ತಾರೆ ಎಂದು ಹೇಳಿದೆ. ಗುಂಡು ಹೊಲಿಗೆ ಇಲ್ಲವೇ ಎಂದರು. ಇಲ್ಲ ಎಂದೆ. ನವಿಲಿನ ಕುತ್ತಿಗೆಗೂ ಇಲ್ಲವೇ. ಇಲ್ಲ. ಅವರು ಯಜಮಾನರ ಕಡೆ ತಿರುಗಿ, ನೋಡಿ ಸಾರ್, ಇವರೂರಿನ ಹೆಂಗಸರು ನನಗಿಂತ ಮುಂಚೆಯೇ ಮಾಡಿಟ್ಟಿದ್ದಾರೆ ಎಂದರು. ಆ ಹೊತ್ತಿಗೆ ನಾನು ಅವರ ಕಡೆಯವಳಾದೆ.

ಮಧ್ಯಾಹ್ನ ಒಂದರಿಂದ ಒಂದೂವರೆ ನನ್ನ ಊಟದ ಹೊತ್ತು. ಆ ಅರ್ಧ ಗಂಟೆ ಯಂತ್ರ ಬಳಸಿಕೊಳ್ಳಿ ಎಂದು ಯಜಮಾನರು ಬಿಟ್ಟರು. ನಾನು ಹತ್ತು ನಿಮಿಷದಲ್ಲಿ ರೊಟ್ಟಿ ತಿಂದು ಕೂರುತ್ತಿದ್ದೆ. ಅಣ್ಣ ಪರದೆಗೆ ಬೆನ್ನು ಹಾಕಿ ಸ್ಟೂಲಿನ ಮೇಲೆ ಕೂರುತ್ತಿದ್ದರು. ಪೂರ್ತಿ ಆಗದೆ ನೋಡಬಾರದಲ್ಲ, ಅದಕ್ಕೆ. ಗ್ರಾಫ್ ಪುಸ್ತಕ ಹಿಡಿದು ಒಂದೊಂದು ಸಾಲು ಹೇಳುತ್ತಿದ್ದರು: ಎರಡು ಬಿಳಿ, ನಾಲ್ಕು ಕಪ್ಪು, ಒಂದು ಬಿಳಿ, ಮೂರು ಕಪ್ಪು, ಎರಡು ಬಿಳಿ. ನಾನು ಚೌಕ ತುಂಬುತ್ತಿದ್ದೆ. ಒಂದು ಅಕ್ಷರಕ್ಕೆ ಹದಿನಾರು ಸಾಲು, ದಿನಕ್ಕೆ ಎರಡೋ ಮೂರೋ ಅಕ್ಷರ. ಅಕ್ಷರಗಳ ಬಗ್ಗೆ ನೆಂಟರ ಬಗ್ಗೆ ಮಾತಾಡುವಂತೆ ಮಾತಾಡುತ್ತಿದ್ದರು. ‘ಕ್ಷ’ ಕೂಡು ಕುಟುಂಬ, ಒಬ್ಬರು ಕಾಲು ಚಾಚಿದರೆ ಇನ್ನೊಬ್ಬರಿಗೆ ಜಾಗವಿಲ್ಲ. ‘ಠ’ ಪಾಪ, ಹೊಟ್ಟೆಯೊಳಗಿನ ಒಂದು ಚೌಕದಲ್ಲೇ ಅದರ ಮಾನ ಇರುವುದು. ಒತ್ತಕ್ಷರಕ್ಕೆ ಬಂದಾಗ ದನಿ ಇಳಿಸಿ, ಕೂತ್ಕೋ ಮಗಾ, ಕೂತ್ಕೋ ಎಂದು ಪುಸ್ತಕದ ಜೊತೆಯೇ ಮಾತಾಡುತ್ತಿದ್ದರು.

ಐದಾರು ತಿಂಗಳಲ್ಲಿ ಅರ್ಧಕ್ಕಿಂತ ಹೆಚ್ಚು ಮುಗಿಯಿತು. ಆಗ ನನ್ನ ಪರೀಕ್ಷೆಯ ಅರ್ಜಿ ಬಂತು. ಪರೀಕ್ಷೆಗೆ ಮೂರು ತಿಂಗಳಿತ್ತು. ಹಳೆಯ ಸಿಲೆಬಸ್ಸಿನವರಿಗೆ ಅದೇ ಕಡೆಯ ಅವಕಾಶ. ತಪ್ಪಿದರೆ ಎಲ್ಲ ವಿಷಯಗಳನ್ನೂ ಮೊದಲಿನಿಂದ ಬರೆಯಬೇಕು. ಅಂದರೆ ಬಿಟ್ಟ ಹಾಗೆಯೇ.

ಅರ್ಜಿ ತುಂಬಿದ ವಾರ ಒಂದು ದಿನ ಅಣ್ಣ ಬೇಗನೇ ಬಂದರು. ಇನ್ನೂ ಹನ್ನೆರಡೂವರೆ. ಪುಸ್ತಕಗಳನ್ನೆಲ್ಲ ಒಂದೇ ಗಂಟು ಕಟ್ಟಿ ತಂದಿದ್ದರು. ಏನೋ ಹೇಳಬೇಕು ಅಂತ ಬಂದವರ ಹಾಗೆ ನಿಂತರು. ನಾನು ಮೇಜಿನ ಕೆಳಗೆ ಅರ್ಥಶಾಸ್ತ್ರದ ಗೈಡು ಇಟ್ಟುಕೊಂಡು ಕದ್ದು ಓದುತ್ತಿದ್ದೆ. ಅದನ್ನು ನೋಡಿ ಅವರು, ಯಾವಾಗ ಪರೀಕ್ಷೆ, ಮನೆಯಲ್ಲಿ ಓದಲು ಆಗುತ್ತದೆಯೇ ಎಂದೆಲ್ಲ ಕೇಳಿದರು. ಮನೆಯಲ್ಲಿ ಏಳು ಜನ, ಒಂದು ಬಲ್ಬು, ಸಂಜೆ ಮತ್ತೆ ಅದೇ ಅರ್ಥಶಾಸ್ತ್ರದ ಕ್ಲಾಸು. ನನ್ನದು ಅಂತ ಇರುವ ಹೊತ್ತು ಈ ಮಧ್ಯಾಹ್ನದ ಅರ್ಧ ಗಂಟೆ ಒಂದೇ ಎಂದು ಹೇಳಿದೆ. ಹೇಳಿ, ಪರವಾಗಿಲ್ಲ ಅಣ್ಣ, ಹತ್ತು ನಿಮಿಷ ಓದಿಕೊಂಡು ಆಮೇಲೆ ಅಕ್ಷರ ಹಾಕೋಣ ಎಂದೆ.

ಅವರು ಗಂಟನ್ನು ಬಿಚ್ಚಲೇ ಇಲ್ಲ.

“ಬೇಡ ರಾಯಚೂರು. ಪೂರ್ತಿ ಅರ್ಧ ಗಂಟೇನೂ ಓದ್ಕೋ. ಅಕ್ಷರ ಎಲ್ಲೂ ಓಡ್ಹೋಗಲ್ಲ. ಪರೀಕ್ಷೆ ಓಡ್ಹೋಗುತ್ತೆ.”

ನಾನು ಎರಡನೇ ಸಲ ಕೇಳಲಿಲ್ಲ. ಇದನ್ನು ಬರೆಯುವುದು ಕಷ್ಟವಾಗುತ್ತಿದೆ, ಆದರೂ ಬರೆಯುತ್ತೇನೆ. ನನಗೆ ಖುಷಿಯೇ ಆಯಿತು.

ಮಾರನೇ ದಿನವೂ ಒಂದು ಗಂಟೆಗೆ ಸರಿಯಾಗಿ ಬಂದರು. ಗಂಟು ಇರಲಿಲ್ಲ. ಅದೇ ಸ್ಟೂಲಿನ ಮೇಲೆ ಕೂತು, ಗೈಡು ಕೊಡು, ನಾನು ಪ್ರಶ್ನೆ ಕೇಳುತ್ತೇನೆ, ನೀನು ಉತ್ತರ ಹೇಳು ಎಂದರು. ಪುಸ್ತಕವನ್ನು ಮುಖದ ಹತ್ತಿರ ಹಿಡಿದು ಪ್ರಶ್ನೆ ಓದುತ್ತಿದ್ದರು. ದಪ್ಪ ಕನ್ನಡಕ ಮೊದಲಿನಿಂದಲೂ ಇತ್ತು, ಸಕ್ಕರೆ ಕಾಯಿಲೆಯೂ ಇತ್ತು, ಲವಂಗ ಅಗಿಯುತ್ತಿದ್ದುದೇ ಚಹಾಕ್ಕೆ ಸಕ್ಕರೆ ಬಿಟ್ಟಮೇಲಂತೆ. ನನಗೆ ಅದರಲ್ಲಿ ಹೊಸದೇನೂ ಕಾಣಲಿಲ್ಲ. ಕೆಲವು ವಾರ ಕಳೆದ ಮೇಲೆ ಪ್ರಶ್ನೆಯನ್ನೂ ನೀನೇ ಹೇಳಿಕೋ, ಉತ್ತರವನ್ನೂ ನೀನೇ ಹೇಳು, ನಾನು ಪುಸ್ತಕ ನೋಡಿ ಸರಿಯೋ ತಪ್ಪೋ ಹೇಳುತ್ತೇನೆ ಎಂದರು. ನಾನು ಬೇಡಿಕೆ, ಪೂರೈಕೆ, ರಾಷ್ಟ್ರೀಯ ವರಮಾನ ಎಂದು ಗಿಳಿಪಾಠ ಒಪ್ಪಿಸುತ್ತಿದ್ದೆ. ಅವರು ಪುಸ್ತಕ ಹಿಡಿದು, ಸರಿ, ಸರಿ ಎನ್ನುತ್ತಿದ್ದರು.

ಒಂದು ದಿನ ನಾನು ಯಾವುದೋ ವ್ಯಾಖ್ಯೆಯನ್ನು ಪೂರಾ ತಲೆಕೆಳಗಾಗಿ ಹೇಳಿದೆ. ಅರ್ಧ ಹೇಳುವಾಗಲೇ ತಪ್ಪು ಎಂದು ನನಗೇ ಗೊತ್ತಾಯಿತು. ಅವರು ಸರಿ ಎಂದರು. ನನಗೆ ನಗು ತಡೆಯಲಾಗಲಿಲ್ಲ.

“ಏನಣ್ಣ, ಊರಿಗೆಲ್ಲ ಬೋರ್ಡ್ ಬರೀತೀರ, ಓದೋಕೆ ಬರಲ್ವಾ ನಿಮಗೆ?”

ಅಂಗಡಿಯಲ್ಲಿದ್ದವರೆಲ್ಲ ನಕ್ಕರು. ಅವರೂ ನಕ್ಕರು. ಬರೆಯೋನಿಗೆ ಓದೋ ಕೆಲಸ ಯಾಕಮ್ಮ ಎಂದು ಹೇಳಿ, ಗೈಡನ್ನು ನನ್ನ ಕಡೆಗೆ ಚಾಚಿದರು. ನಾನು ಕೂತ ಜಾಗಕ್ಕೆ ಸರಿಯಾಗಿ ಚಾಚಲಿಲ್ಲ, ಒಂದು ಗೇಣು ಪಕ್ಕಕ್ಕೆ. ನಾನು ಎದ್ದು ತೆಗೆದುಕೊಂಡೆ. ಅಷ್ಟನ್ನು ನೋಡಿದವಳು ಬೇರೇನನ್ನೂ ನೋಡಲಿಲ್ಲ.

ಆ ದಿನಗಳಲ್ಲಿ ಅವರು ಬೋರ್ಡ್ ಬರೆದು ಹಿಂದಕ್ಕೆ ನಡೆಯುವುದೂ ಬದಲಾಗಿತ್ತಂತೆ. ಹತ್ತು ಹೆಜ್ಜೆ ಆರಾಯಿತು, ಆರು ಮೂರಾಯಿತು, ಕೊನೆಗೆ ಹಿಂದೆ ಹೋಗುವುದನ್ನೇ ಬಿಟ್ಟು ಬೋರ್ಡಿಗೆ ಮೂಗು ತಾಗಿಸುವಷ್ಟು ಹತ್ತಿರ ನಿಲ್ಲುತ್ತಿದ್ದರಂತೆ. ಇದನ್ನು ಭಾಯ್ ಬಹಳ ದಿನಗಳ ಮೇಲೆ ಹೇಳಿದರು. ಬೀದಿಯಲ್ಲಿ ಎಲ್ಲರೂ ನೋಡಿದ್ದರು. ಆರ್ಟಿಸ್ಟಿಗೆ ವಯಸ್ಸಾಯಿತು ಎಂದುಕೊಂಡು ಎಲ್ಲರೂ ಸುಮ್ಮನಿದ್ದರು.

ಪರೀಕ್ಷೆ ಬರೆದೆ. ಚೆನ್ನಾಗಿ ಬರೆದೆ. ಮುಗಿದ ಮಾರನೆಯ ದಿನವೇ ಅಣ್ಣನ ಮನೆಗೆ ಹೇಳಿ ಕಳಿಸಿ ಪುಸ್ತಕದ ಗಂಟು ತರಿಸಿಕೊಂಡೆ. ಅವರು, ಪೂರ್ತಿ ಮಾಡಿಟ್ಟು ಕರೆ, ಆಮೇಲೆ ಬರುತ್ತೇನೆ ಎಂದು ಹೇಳಿಕಳಿಸಿದ್ದರು. ಯಜಮಾನರ ಹತ್ತಿರ ಎರಡು ವಾರ ರಜೆ ಕೇಳಿ, ರಜೆಯಲ್ಲೂ ಅಂಗಡಿಗೇ ಹೋಗಿ, ಖಾಲಿ ಇದ್ದ ಹಳೆಯ ಯಂತ್ರದ ಮುಂದೆ ಹಗಲೆಲ್ಲ ಕೂತು ಉಳಿದ ಅಕ್ಷರಗಳನ್ನೆಲ್ಲ ಹಾಕಿ ಮುಗಿಸಿದೆ. ಇಡೀ ವರ್ಣಮಾಲೆ ಒಂದೇ ಪರದೆಯಲ್ಲಿ, ಕಪ್ಪು ಹಿನ್ನೆಲೆಯಲ್ಲಿ ಬಿಳಿಯಾಗಿ ನಿಂತಿತು. ಯಜಮಾನರು ಬಾಗಿಲ ತನಕ ಹಿಂದೆ ಹೋಗಿ ನೋಡಿ, ಇಷ್ಟು ಚೆಂದ ಬರುತ್ತದೆ ಅಂದುಕೊಂಡಿರಲಿಲ್ಲ ಎಂದರು. ನಾನು ಮಾನಿಟರಿಗೆ ನ್ಯೂಸ್‌ಪೇಪರ್ ಹೊದಿಸಿ, ನಾಲ್ಕು ಮೂಲೆಗೂ ಟೇಪು ಅಂಟಿಸಿ, ಹೇಳಿ ಕಳಿಸಿದೆ.

ಅಣ್ಣ ಹೆಂಡತಿಯ ಕೈ ಹಿಡಿದುಕೊಂಡು ಬಂದರು. ಒಗೆದ ಅಂಗಿ, ತೋಳಿನಲ್ಲಿ ಬಣ್ಣವಿಲ್ಲ. ಗಂಡ ಹೆಂಡತಿ ಕೈ ಹಿಡಿದು ಬಂದದ್ದನ್ನು ನೋಡಿ ನಾವು ತಮಾಷೆ ಮಾಡಿದೆವು, ಹೊಸ ಜೋಡಿ ಬಂತು ಎಂದು. ಅಣ್ಣನ ಹೆಂಡತಿ, ನನಗೆ ಅಕ್ಕ, ನಗಲಿಲ್ಲ. ಅವರು ತಂದಿದ್ದ ನಿಂಬೆಹಣ್ಣನ್ನು ಕೀಬೋರ್ಡಿನ ಪಕ್ಕ ಇಟ್ಟರು, ಊದುಬತ್ತಿ ಹಚ್ಚಿದರು. ಅಣ್ಣ ಕೈಚಾಚಿ, ತಡವಿ, ಟೇಪು ಹುಡುಕಿ ಪೇಪರು ಕಿತ್ತರು.

ನಾನು ಅವರ ಮುಖವನ್ನೇ ನೋಡುತ್ತಿದ್ದೆ. ಮುಖದಲ್ಲಿ ಏನೂ ಆಗಲಿಲ್ಲ.

“ಸ್ವಲ್ಪ ದೊಡ್ಡದು ಮಾಡ್ತೀಯಾಮ್ಮ” ಎಂದರು. ದೊಡ್ಡದು ಮಾಡಿದೆ. ಪರದೆಯಲ್ಲಿ ಒಂದು ಸಾಲು ಮಾತ್ರ ಉಳಿಯಿತು. ಇನ್ನೂ ದೊಡ್ಡದು ಎಂದರು. ಮೂರು ಅಕ್ಷರ ಉಳಿದವು. ಇನ್ನೂ. ಒಂದೇ ಅಕ್ಷರ, ಪರದೆಯ ತುಂಬ. ಅವರು ಗಾಜಿಗೆ ಮುಖ ತಾಗಿಸಿದರು. ಇನ್ನೂ ದೊಡ್ಡದು ಆಗುತ್ತಾ ಎಂದರು. ಒತ್ತಿದೆ, ಮತ್ತೆ ಒತ್ತಿದೆ. ಅಕ್ಷರ ಒಡೆದು ನಾಲ್ಕು ಚೌಕವಾಯಿತು, ಕೊನೆಗೆ ಒಂದೇ ಒಂದು ಬಿಳಿ ಚೌಕ ಇಡೀ ಪರದೆಯನ್ನು ತುಂಬಿಕೊಂಡಿತು.

“ಹಾಂ. ಈಗ ಬೆಳಕು ಕಾಣ್ತು” ಎಂದರು. ಆಮೇಲೆ ನನ್ನ ಕಡೆ ತಿರುಗಿ, ಮೆತ್ತಗೆ, “ಯಾವ ಅಕ್ಷರಮ್ಮ ಇದು?”

‘ಳ’ ಅಣ್ಣ ಎಂದೆ. ಚೆನ್ನಾಗಿ ಕೂತಿದೆ ಎಂದರು.

ಹೊರಗೆ ಅವರನ್ನು ಆಟೋ ಹತ್ತಿಸುವಾಗ ಅಕ್ಕನನ್ನು ಪಕ್ಕಕ್ಕೆ ಕರೆದು ಕೇಳಿದೆ. ಸಕ್ಕರೆಯಿಂದ ಕಣ್ಣಿನ ಒಳಗೆ ರಕ್ತ ಇಳಿಯುತ್ತಿತ್ತಂತೆ. ನಾನು ಪರೀಕ್ಷೆಯ ಅರ್ಜಿ ತುಂಬಿದ ವಾರವೇ ಡಾಕ್ಟರು, ಇನ್ನು ಮೂರು ತಿಂಗಳು ಕಾಣಬಹುದು, ಆಮೇಲಿನದು ಹೇಳಲಾಗುವುದಿಲ್ಲ, ನೋಡಬೇಕಾದ್ದನ್ನು ನೋಡಿಕೊಂಡುಬಿಡಿ ಎಂದಿದ್ದರಂತೆ. ಆಸ್ಪತ್ರೆಯಿಂದ ಮನೆಗೆ ಬಂದವರು ಪುಸ್ತಕವನ್ನೆಲ್ಲ ಗಂಟು ಕಟ್ಟಿ, ಆ ಹುಡುಗಿಗೆ ಹೇಳಿ ಬೇಗ ಮಾಡಿಸುತ್ತೇನೆ ಎಂದು ಹೊರಟರಂತೆ. “ಸಾಯಂಕಾಲ ಗಂಟು ಹಂಗೇ ವಾಪಸ್ ಬಂತು. ಏನಾಯ್ತು ಅಂದ್ರೆ, ಆ ಹುಡುಗಿಗೆ ಪರೀಕ್ಷೆ ಇದೆ ಅಂದ್ರು. ನಾನು ಬೈದೆ. ನಿನಗೆ ಹೇಳೇ ಇಲ್ವಾಮ್ಮ?”

ಹೇ‍ಳಿರಲಿಲ್ಲ. ಹೇಳಿದ್ದರೆ ನಾನೇನು ಮಾಡುತ್ತಿದ್ದೆ ಎಂದು ಎಷ್ಟೋ ಸಲ ಯೋಚಿಸಿದ್ದೇನೆ. ಗೈಡು ಮುಚ್ಚಿಟ್ಟು ಅಕ್ಷರ ಹಾಕುತ್ತಿದ್ದೆ ಎಂದು ಹೇಳಿಕೊಳ್ಳಲು ಆಸೆ. ಆದರೆ ಆ ವಯಸ್ಸಿನ ನನ್ನ ಬಗ್ಗೆ ನನಗೆ ಅಷ್ಟು ನಂಬಿಕೆ ಇಲ್ಲ. ಅವರಿಗೂ ಅದು ಗೊತ್ತಿದ್ದಿರಬೇಕು. ನನ್ನನ್ನು ಆ ಪ್ರಶ್ನೆಯ ಮುಂದೆ ನಿಲ್ಲಿಸುವುದೇ ಬೇಡ ಎಂದು ಅವರೇ ಉತ್ತರ ಬರೆದುಬಿಟ್ಟರು. ಪರದೆಗೆ ಬೆನ್ನು ಹಾಕಿ ಕೂರುವ ಪದ್ಧತಿಯನ್ನು ಒಂದೇ ದಿನ ಮುರಿದಿದ್ದರೂ ಸಾಕಿತ್ತು, ಅರ್ಧ ವರ್ಣಮಾಲೆಯಾದರೂ ಸಿಗುತ್ತಿತ್ತು. ಅರ್ಧವನ್ನು ನೋಡುವ ಜಾಯಮಾನ ಅವರದಲ್ಲ.

ಆಮೇಲೆ ಬದುಕು ಅದರ ಪಾಡಿಗೆ ಹೋಯಿತು. ಬೀದಿಗೆ ಫ್ಲೆಕ್ಸ್ ಬಂತು, ಗೇಮ್ ಅಂಗಡಿ ಮುಚ್ಚಿ ಅಲ್ಲಿ ಮೊಬೈಲ್ ಕವರು ಮಾರುವವರು ಬಂದರು. ಮಾರತ್ತಹಳ್ಳಿಯಲ್ಲಿ ಅಂಗಡಿಗಳ ಮುಂದೆ ಕೆಂಪು ದೀಪದ ಬೋರ್ಡು ಮಾಡಿಕೊಡುತ್ತಿದ್ದ ಒಬ್ಬರು ನಮ್ಮ ಯಜಮಾನರ ಕಡೆಯಿಂದ ಆ ಅಕ್ಷರಗಳನ್ನು ಒಯ್ದು ಒಂದು ಔಷಧಿ ಅಂಗಡಿಗೆ ಹಾಕಿದರು. ನಾನು ಹೋಗಿ ರಸ್ತೆಯ ಈಚೆಯಿಂದ ನೋಡಿ ಬಂದು ಅಣ್ಣನಿಗೆ ಹೇಳಿದೆ. ಮೂಲೆ ಸವೆದು ದುಂಡಗೆ ಕಂಡಿತಾ ಎಂದು ಕೇಳಿದರು. ಕಂಡಿತು ಎಂದೆ. ಅದು ನಿಜವೇ. ಎರಡು ವರ್ಷವೂ ಆ ಬೋರ್ಡು ಇರಲಿಲ್ಲ. ಇವತ್ತು ಬಸ್ಸುಗಳ ಹಣೆಯ ಮೇಲೆ ದೀಪದ ಚುಕ್ಕಿಗಳಲ್ಲಿ ಕನ್ನಡ ಓಡುತ್ತದೆ. ಅದನ್ನು ಬೇರೆ ಯಾರೋ ಬರೆದಿದ್ದಾರೆ. ಟಿನ್ ಫ್ಯಾಕ್ಟರಿಯಲ್ಲಿ ಬಸ್ಸಿಗೆ ನಿಂತಾಗ ನಾನು ಬೋರ್ಡು ಓದುವುದಿಲ್ಲ, ಕಂಡಕ್ಟರನ್ನು ಕೇಳಿ ಹತ್ತುತ್ತೇನೆ.

ಡಿಗ್ರಿ ಸರ್ಟಿಫಿಕೇಟು ಕೈಗೆ ಬಂದದ್ದು ಪರೀಕ್ಷೆಯ ಮರುವರ್ಷ. ಮನೆಯಲ್ಲಿ ಅಪ್ಪ ಅದನ್ನು ದೇವರ ಮುಂದೆ ಇಟ್ಟರು. ಕಾಕಾ ಅದರ ಮೇಲಿನ ನನ್ನ ಹೆಸರಿನ ಮೇಲೆ ಬೆರಳಿಟ್ಟು, ಇದೇನಾ ನಿನ್ನ ಹೆಸರು ಎಂದು ಕೇಳಿದರು. ಆ ಭಾನುವಾರವೇ ಹಲಸೂರಿಗೆ ಹೋದೆ.

ಕೆರೆಯ ಹಿಂದಿನ ಸಂದಿಯಲ್ಲಿ ಒಂದೂವರೆ ರೂಮಿನ ಮನೆ. ಅಣ್ಣ ಬಾಗಿಲಲ್ಲೇ ಕುರ್ಚಿ ಹಾಕಿಕೊಂಡು ಕೂತಿದ್ದರು. ಹೆಜ್ಜೆ ಸದ್ದಿಗೇ, ರಾಯಚೂರಾ ಎಂದರು. ಸರ್ಟಿಫಿಕೇಟನ್ನು ಅವರ ಕೈಗೆ ಕೊಟ್ಟೆ. ಎರಡೂ ಅಂಗೈ ಮೇಲೆ ಹಿಡಿದುಕೊಂಡು, ತೂಕ ನೋಡುವವರಂತೆ ಒಂದು ಸಲ ಎತ್ತಿದರು. ಬೆರಳಿನಿಂದ ಅಂಚು ಸವರಿದರು, ಉಬ್ಬು ಮುದ್ರೆ ಸಿಕ್ಕ ಕಡೆ ನಿಲ್ಲಿಸಿದರು. ಯಾವ ಥರದ ಅಕ್ಷರ ಎಂದು ಕೇಳಿದರು. ಬಾಲ ಇರುವ ಸುರುಳಿ ಅಕ್ಷರ ಅಣ್ಣ, ಓದಲಿಕ್ಕೇ ಆಗುವುದಿಲ್ಲ ಎಂದೆ. ಬಹಳ ನಕ್ಕರು. ನಗುತ್ತಿರುವಾಗಲೇ ಕಣ್ಣಿನಿಂದ ನೀರು ಬಂತು. ಅವರು ಅದನ್ನು ಒರೆಸಲಿಲ್ಲ, ಕೈಯಲ್ಲಿ ಸರ್ಟಿಫಿಕೇಟು ಇತ್ತಲ್ಲ.

ಅಕ್ಕ ಒಳಗಿನಿಂದ ಕೈ ಒರೆಸಿಕೊಂಡು ಬಂದರು. ಅವರಿಗೆ ಯಾವ ಅಕ್ಷರವೂ ಬಾರದು. ಅಣ್ಣನ ಕೈಯಿಂದ ಸರ್ಟಿಫಿಕೇಟು ತೆಗೆದುಕೊಂಡು, ಹಿಂದೆ ಮುಂದೆ ತಿರುಗಿಸಿ ನೋಡಿ, ಮತ್ತೆ ಒಳಗೆ ಹೋಗಿ ಸೀರೆ ಅಂಗಡಿಯ ಒಂದು ಪ್ಲಾಸ್ಟಿಕ್ ಕವರು ತಂದರು. ಮಡಿಕೆ ಬೀಳದ ಹಾಗೆ ಅದರೊಳಗೆ ಇಳಿಸಿ, ಬಾಯಿ ಸುತ್ತಿ, ನನ್ನ ಕೈಗೆ ಕೊಟ್ಟರು.

“ಮೋಡ ಆಗಿದೆ, ಎದೆಗೆ ಅವಚ್ಕೊಂಡು ಹೋಗಮ್ಮ. ಇದರಲ್ಲಿ ಅವರದೂ ಮೂರು ತಿಂಗಳು ಇದೆ.”